ಬಿಳಿ ನಾಕರ ಮಾಸ್ತರು

ನಮ್ಮ ಮಾಸ್ತರು ಹೊಸಬರನ್ನು ಕಂಡರೆ ಹೆಸರು, ಊರು ಕೇಳುತ್ತಿರಲಿಲ್ಲ. “ಒಂದೀಟು ಮಾತಾಡ್ರಿ” ಎನ್ನುತ್ತಿದ್ದರು. ಎದುರಿಗಿದ್ದವರು ಏನು ಮಾತಾಡುವುದೆಂದು ತಡವರಿಸುವಷ್ಟರಲ್ಲಿ ಅವರ ಬೆರಳು ಹಾರ್ಮೋನಿಯಂ ಮೇಲೆ ಓಡಾಡಿ ಒಂದು ಮನೆಯ, ಅಂದರೆ ಕೀಲಿಯ, ಮೇಲೆ ಕೂತುಬಿಡುತ್ತಿತ್ತು. “ಹಾಂ, ನೀವು ಕರಿ ಐದು” ಎಂದು ನನಗೆ ಹೇಳಿದರು. ಹಾರ್ಮೋನಿಯಂನ ಕರಿ ಮನೆಗಳಲ್ಲಿ ಐದನೆಯದು ನನ್ನ ಶ್ರುತಿ ಎಂದು ಅದರರ್ಥ. ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಬಿಳಿ ಎರಡು. ಅಡುಗೆಯಾಕೆ ಕರಿ ನಾಲ್ಕು. ಬಸ್ ಕಂಡಕ್ಟರುಗಳು ಬೆಳಿಗ್ಗೆ ಬಿಳಿ ಮೂರು, ಸಂಜೆ ಹೊತ್ತಿಗೆ ಬಿಳಿ ಒಂದು. ತಮ್ಮನ್ನು ಮಾತ್ರ ಯಾವಾಗಲೂ “ನಾ ಬಿಳಿ ನಾಕು” ಎಂದೇ ಹೇಳಿಕೊಳ್ಳುತ್ತಿದ್ದರು. ಗಂಡಸರ ಗಂಟಲಿಗೆ ಅದು ಭಾರಿ ಎತ್ತರ. ನಾನು ಅವರನ್ನು ಕಂಡ ಕಾಲಕ್ಕೆ ಅವರ ದನಿ ಅಲ್ಲಿಂದ ನಾಲ್ಕು ಮನೆ ಇಳಿದು ಕರಿ ಒಂದಕ್ಕೆ ಬಂದಿತ್ತು. ಊರಿನವರನ್ನೆಲ್ಲ ಅಳೆದವರು ತಮ್ಮ ವಿಷಯದಲ್ಲಿ ಯಾಕೆ ಸುಳ್ಳು ಹೇಳುತ್ತಾರೆ ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಅವರು ಹೋದ ತಿಂಗಳು ತೀರಿಕೊಂಡರು. ಅವರ ಹೆಂಡತಿಯೇ ಮೈಸೂರಿಗೆ ಫೋನ್ ಮಾಡಿ ಹೇಳಿದರು. ನಾನು ಹೈದರಾಬಾದ್ ಬಿಟ್ಟು ವರ್ಷಗಳೇ ಆಗಿದ್ದರೂ ಮಾರನೆಯ ವಾರ ರೈಲು ಹತ್ತಿದೆ. ಯಾಕೆ ಹೋಗಲೇಬೇಕಾಯಿತು ಎಂಬುದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೊಂಡಾಪುರದಲ್ಲಿ ಆಗ ನೋಡನೋಡುತ್ತ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಅಂಥದೊಂದರ ಆರನೆಯ ಮಹಡಿಯಲ್ಲಿ ನನ್ನ ಕೆಲಸ. ಬೇರೆಯವರು ಬರೆದ ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುವುದು. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಕಂಪನಿಯವರು ನನ್ನ ಡಿಗ್ರಿಯ ಮೂಲ ಪ್ರಮಾಣಪತ್ರಗಳನ್ನು ಇಸಿದುಕೊಂಡು ಕಪಾಟಿಗೆ ಹಾಕಿ ಬೀಗ ಜಡಿದಿದ್ದರು. ಕರಾರಿನ ಅವಧಿ ಮುಗಿಯುವ ತನಕ ನಾನು ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಶನಿವಾರ ಬಂದರೆ ಏನು ಮಾಡುವುದೆಂದು ತೋಚದೆ ಹುಚ್ಚು ಹಿಡಿದಂತಾಗುತ್ತಿತ್ತು. ಹಾಗೆ ಹಾಡು ಕಲಿಯುವ ಮನಸ್ಸಾಯಿತು. ಸುಲ್ತಾನ್ ಬಜಾರಿನಲ್ಲಿ ಬಟ್ಟೆ ಕೊಳ್ಳಲು ಹೋದಾಗ ಅಂಗಡಿಯ ಪಕ್ಕದ ಮೆಟ್ಟಿಲ ಮೇಲೆ ಕನ್ನಡದಲ್ಲೊಂದು ಬೋರ್ಡು ಕಂಡೆ: ‘ಗಾಯಕರು, ಅರೇಂಜರ್, ಸಂಗೀತ ಶಿಕ್ಷಕರು.’ ಹೆಸರೇ ಇರಲಿಲ್ಲ. ಮೇಲೆ ಹೋಗಿ ಕೇಳಿದರೆ, “ಹೆಸರು ಬರಿಯಾಕ ಜಾಗಾ ಉಳೀಲಿಲ್ಲರಿ” ಎಂದರು.

ಅಂದಿನಿಂದ ಪ್ರತಿ ಶನಿವಾರ ಹತ್ತು ಗಂಟೆಗೆ ಅವರು ಎರಡು ಬಸ್ಸು ಬದಲಿಸಿ ನಾನಿದ್ದ ಫ್ಲಾಟಿಗೆ ಬರುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಜುಬ್ಬಾ, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು. ಹಾರ್ಮೋನಿಯಂ ಅವರ ಬಾಯಲ್ಲಿ ‘ಪೇಟಿ’. ಅದನ್ನು ಬಸ್ಸಿನಲ್ಲಿ ಹೊರಲಾಗದೆ ನಮ್ಮ ಊಟದ ಮೇಜಿನ ಕೆಳಗೇ ಬಿಟ್ಟಿದ್ದರು. ನಾನು ‘ಮೇಷ್ಟ್ರೇ’ ಅಂದರೆ, “ಮಾಸ್ತರ ಅನ್ರಿ ಬಾಯಾರ, ಮೇಷ್ಟ್ರು ಅಂದ್ರ ಗಣಿತ ಕಲಿಸಂವ ಅನಿಸ್ತದ” ಎಂದು ತಿದ್ದಿದರು. ಎರಡು ತಿಂಗಳಲ್ಲಿ ಬಾಯಾರ ಹೋಗಿ ತಂಗಿ ಆದೆ, ನೀವು ಹೋಗಿ ನೀನಾದೆ. ಕಂಡಕ್ಟರನ ಜೊತೆ ತೆಲುಗು, ಬಜಾರಿನಲ್ಲಿ ದಖ್ಖನಿ, ಮನೆಯಲ್ಲಿ ಕಲಬುರಗಿ ಕನ್ನಡ. ಮೂರರಲ್ಲೂ ಅಷ್ಟೇ ಸಲೀಸು, ಮೂರರಲ್ಲೂ ಅಷ್ಟೇ ತಕರಾರು.

ಅವರು ಕಲಿಸುತ್ತಿದ್ದದ್ದರಲ್ಲಿ ಅರ್ಧ ಹಾಡು, ಇನ್ನರ್ಧ ಉಸಿರು. “ಉಸಿರು ತಗೋಬ್ಯಾಡ. ಕದಿ” ಎನ್ನುತ್ತಿದ್ದರು. ಎಲ್ಲಿ ಕದಿಯಬೇಕೆಂದು ಹಾಡಿನ ಸಾಲಿನಲ್ಲಿ ಪೆನ್ಸಿಲಿನಿಂದ ಸಣ್ಣ ಚುಕ್ಕೆ ಇಡುತ್ತಿದ್ದರು. ಇನ್ನೊಂದು ಅವರ ಕಟ್ಟುನಿಟ್ಟು, ವನ್ಸ್ ಮೋರ್. ಒಮ್ಮೆ ಅವರು ಏನೋ ಗುನುಗುತ್ತ ಫ್ಲಾಸ್ಕು ಮುಚ್ಚಿ ಹೊರಡುತ್ತಿದ್ದಾಗ, ಅಡುಗೆಯಾಕೆ ಬಾಗಿಲಲ್ಲಿ ನಿಂತು “ಮಳ್ಳಿ ಪಾಡಂಡಿ ಸಾರ್” ಎಂದಳು. ಇನ್ನೊಮ್ಮೆ ಹಾಡಿ ಎಂದು. ಮಾಸ್ತರು ಚಪ್ಪಲಿ ಬಿಟ್ಟು ವಾಪಸು ಬಂದು ಪೇಟಿ ತೆಗೆದು ಪೂರ್ತಿ ಹಾಡು ಹಾಡಿದರು. ಬಸ್ಸು ತಪ್ಪಿತು. “ವನ್ಸ್ ಮೋರ್ ಬಿದ್ರ ಹಾಡಾಕಬೇಕು ತಂಗಿ. ನಮ್ಮ ಕಂಪನಿ ಕಾನೂನು ಅದು. ಮೈಯಾಗ ಜ್ವರ ಇರಲಿ, ಮನಿಯಾಗ ಹೆಣ ಇರಲಿ.”

ಕಂಪನಿ ಎಂದರೆ ನಾಟಕ ಕಂಪನಿ. ಹದಿನಾರನೆಯ ವಯಸ್ಸಿಗೆ ಸೇರಿದವರು. ಬಣ್ಣ ಹಚ್ಚುವ ಆಸೆಯಿಂದ ಹೋದರೆ, ಮಾಲಕರು ಮುಖ ನೋಡಿ ಬೇಡ ಅಂದರಂತೆ, ದನಿ ಕೇಳಿ ಇರು ಅಂದರಂತೆ. ಕಂಪನಿಯಲ್ಲೊಬ್ಬ ಹೀರೋ ಇದ್ದ. ಎತ್ತರದ ಆಳು, ಕೆಂಪಗೆ ಲಕ್ಷಣವಾಗಿದ್ದ, ಬಾಯಿ ತೆರೆದರೆ ಮಾತ್ರ ಕಾಗೆ. ಮಾಸ್ತರು ಸೈಡ್‌ವಿಂಗಿನ ಪರದೆಯ ಹಿಂದೆ ನಿಂತು ಹಾಡುವುದು, ಹೀರೋ ರಂಗದ ಮೇಲೆ ಬಾಯಿ ಆಡಿಸುವುದು. ಉಸಿರು ಕದಿಯುವುದನ್ನು ಅವರು ಕಲಿತದ್ದೇ ಅಲ್ಲಿ. ಹೀರೋ ಬೆನ್ನು ತಿರುಗಿಸಿದಾಗಲೋ, ಶಲ್ಯ ಕೊಡವಿದಾಗಲೋ ಮಾತ್ರ ಉಸಿರು ತೆಗೆದುಕೊಳ್ಳಬೇಕು. ಹತ್ತು ವರ್ಷ ಹಾಗೆ ಹಾಡಿದರು. ವನ್ಸ್ ಮೋರ್ ಬಿದ್ದಾಗಲೆಲ್ಲ ಹೀರೋ ಎದೆಯ ಮೇಲೆ ಕೈಯಿಟ್ಟು ಬಾಗುತ್ತಿದ್ದ, ಇವರು ಕತ್ತಲಲ್ಲಿ ನೀರು ಕುಡಿದು ಮತ್ತೆ ಶುರು ಮಾಡುತ್ತಿದ್ದರು.

“ಸಿಟ್ಟು ಬರ್ತಿರಲಿಲ್ವಾ ಮಾಸ್ತರೇ?” ಎಂದು ಕೇಳಿದ್ದೆ.

“ಬರ್ತಿತ್ತು. ಆದ್ರ ಅಂವಾ ಭಾಳ ಚಂದ ಬಾಯಿ ಆಡಿಸ್ತಿದ್ದ. ನನಗ ಒಮ್ಮೊಮ್ಮೆ ಅಂವನೇ ಹಾಡಾಕತ್ತಾನ ಅನಿಸ್ತಿತ್ತು” ಎಂದು ನಕ್ಕಿದ್ದರು.

ಕಂಪನಿ ಮುಚ್ಚಿದ ಮೇಲೆ ಅದೇ ಹೀರೋ ಹೈದರಾಬಾದಿಗೆ ಬಂದು ಆರ್ಕೆಸ್ಟ್ರಾ ಪಾರ್ಟಿ ಕಟ್ಟಿ ಇವರನ್ನು ಕರೆಸಿಕೊಂಡ. ಸುಲ್ತಾನ್ ಬಜಾರಿನ ಆ ಎರಡು ಕೋಣೆಯ ಮನೆ ಅವನು ಕೊಟ್ಟದ್ದೇ. ಇವರ ಬದುಕಿನ ಸುಖದ ಕಾಲ ಎಂದರೆ ಆ ಕೆಲವು ವರ್ಷ. ಮೊದಲ ಸಲ ತಮ್ಮ ಮುಖ, ತಮ್ಮ ದನಿ ಒಂದೇ ಕಡೆ ನಿಂತವು. ಸೇಡಂ, ಬೀದರ, ಹುಮನಾಬಾದ ಎಂದು ಗಣಪತಿ ಪೆಂಡಾಲುಗಳಲ್ಲಿ ಕುಣಿದು ಹಾಡಿದರು. ಹದಿನಾಲ್ಕು ಜನ ವಾದ್ಯದವರಿಗೆ ಯಾರು ಎಲ್ಲಿ ಬರಬೇಕು, ಎಲ್ಲಿ ಸುಮ್ಮನಿರಬೇಕು ಎಂದು ಹಳೆಯ ನಾಟಕದ ಕರಪತ್ರಗಳ ಹಿಂಬದಿಯಲ್ಲಿ ಬರೆದು ಹಂಚುತ್ತಿದ್ದರು. ಅರೇಂಜರ್ ಎಂಬ ಪದವನ್ನು ಅವರು ಉಚ್ಚರಿಸುತ್ತಿದ್ದ ರೀತಿಯೇ ಬೇರೆ. ಜಿಲ್ಲಾಧಿಕಾರಿ ಎಂದಂತೆ ಕೇಳಿಸುತ್ತಿತ್ತು.

ಇಷ್ಟನ್ನೂ ಅವರು ತಾವಾಗಿ ಹೇಳಿದರು. ಉಳಿದದ್ದನ್ನು ನಾನು ಕೆದಕಿ ತೆಗೆದೆ. ಮಾದಾಪುರದ ಕಡೆ ಸಹೋದ್ಯೋಗಿಯೊಬ್ಬಳ ಮದುವೆಯ ಆರತಕ್ಷತೆಗೆ ಹೋದರೆ ವೇದಿಕೆಯ ಮೇಲೆ ಮಾಸ್ತರು. ಮಿಂಚುವ ಕೋಟು, ಕಪ್ಪು ಹಚ್ಚಿದ ತಲೆ. ಪಕ್ಕದಲ್ಲಿ ಒಂದು ಕೀಬೋರ್ಡು, ಒಬ್ಬ ಡ್ರಮ್ಮಿನವನು ಅಷ್ಟೆ. ದನಿ ಮಾತ್ರ ಛಾವಣಿಗೆ ಮುಟ್ಟುತ್ತಿತ್ತು. ಅಪ್ಪಟ ಬಿಳಿ ನಾಕು. ಕಿವಿ ನಂಬಲಿಲ್ಲ. ಶನಿವಾರದ ನನ್ನ ಮಾಸ್ತರ ದನಿ ಬೇರೆ, ಇದು ಬೇರೆ. ತಪ್ಪು ಹುಡುಕುವುದೇ ನನ್ನ ಕಸುಬಲ್ಲವೇ, ಮುಂದೆ ಹೋಗಿ ನಿಂತು ನೋಡಿದೆ. ಒಮ್ಮೆ ಅವರ ಕೈಯ ಮೈಕು ಬಾಯಿಯಿಂದ ಅರ್ಧ ಗೇಣು ಸರಿಯಿತು. ದನಿ ಒಂದಿಷ್ಟೂ ತಗ್ಗಲಿಲ್ಲ.

ಮುಂದಿನ ಶನಿವಾರ, ದೋಷ ಕಂಡುಹಿಡಿದ ಜಂಬದಲ್ಲಿ, ಅದನ್ನು ಅವರ ಮುಖಕ್ಕೇ ಹೇಳಿಬಿಟ್ಟೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಅವರು ಪೇಟಿಗೆ ಗಾಳಿ ಒತ್ತುವ ಬಾತೆಯನ್ನು ಮೆಲ್ಲಗೆ ಮುಚ್ಚಿದರು.

“ಅದೂ ನಾನ ತಂಗಿ. ಮೊದಲಿನಂವ” ಎಂದರು.

ಆದದ್ದು ಇಷ್ಟು. ಎಲ್ಲ ಕಡೆ ಸಿ.ಡಿ. ಬಂದ ಕಾಲಕ್ಕೆ ಹೀರೋ ಒಂದು ದಿನ, “ಎಲ್ಲಾ ಹಾಡು ಒಮ್ಮೆ ರೆಕಾರ್ಡ್ ಮಾಡಿ ಇಡೋಣ, ನಿನ್ನ ಅರೇಂಜ್‌ಮೆಂಟು ಶಾಶ್ವತ ಆಗ್ತದ” ಎಂದ. ಇವರು ಉಬ್ಬಿಹೋದರು. ವಾರಗಟ್ಟಲೆ ಕೂತು ಒಂದೊಂದು ವಾದ್ಯಕ್ಕೂ ಹೊಸದಾಗಿ ಬರೆದರು. ಸ್ಟುಡಿಯೋದವನು, ಒಂದೆರಡು ಮನೆ ಇಳಿಸಿ ಹಾಡಿ, ಮುಂದೆ ಅನುಕೂಲ ಎಂದನಂತೆ. ಬಿಳಿ ನಾಕರಲ್ಲಿ ಹಾಡುವ ಗಂಡಸು ಈ ಊರಲ್ಲಿ ಇನ್ನೊಬ್ಬನಿಲ್ಲ ಎಂಬ ಸೊಕ್ಕು ಇವರಿಗೆ. ಇಳಿಸಲಿಲ್ಲ. ಹದಿನಾಲ್ಕು ಜನರನ್ನೂ ಕೂಡಿಸಿ, ತಮ್ಮ ದನಿ ಇರುವುದೊಂದು, ದನಿ ಇಲ್ಲದೆ ಬರೀ ವಾದ್ಯ ಇರುವುದೊಂದು, ಎರಡು ಸಿ.ಡಿ. ಮಾಡಿಸಿದರು. ಒಂದೇ ತಿಂಗಳಲ್ಲಿ ಹದಿನಾಲ್ಕು ಜನಕ್ಕೂ ಕೆಲಸವಿಲ್ಲ. ಎಲ್ಲರೂ ಸಿ.ಡಿ.ಯೊಳಗೇ ಇದ್ದಾರಲ್ಲ, ಹೊರಗೆ ಯಾಕೆ? ಕೊಳಲಿನವನು ಬೇಗಂ ಬಜಾರಿನಲ್ಲಿ ಬೇಳೆ ಮೂಟೆ ತೂಗುವ ಕೆಲಸಕ್ಕೆ ಸೇರಿಕೊಂಡ. ಎದುರಿಗೆ ಸಿಕ್ಕರೆ ಈಗಲೂ ಮಾತಾಡುವುದಿಲ್ಲವಂತೆ.

ಮೂರು ವರ್ಷಕ್ಕೆ ಮಾಸ್ತರ ದನಿಯೂ ಇಳಿಯತೊಡಗಿತು. ಸಿ.ಡಿ.ಯ ವಾದ್ಯ ಇಳಿಯಲಿಲ್ಲ. ಅವರು ಕೂಗಿ ಕೂಗಿ ಗಂಟಲಲ್ಲಿ ರಕ್ತ ಕಂಡ ದಿನ ಹೀರೋ, ಮಾಸ್ತರ ಹಳೆಯ ದನಿ ಇರುವ ಸಿ.ಡಿ. ಹಾಕಿಸಿ ಹೇಳಿದ: “ನಾ ಹತ್ತು ವರ್ಷ ನಿನ್ನ ದನಿಗೆ ಮುಖ ಕೊಟ್ಟೀನಿ. ನನಗೇನಾಗೇತಿ? ಈಗ ನಿಂದ ದನಿ, ನಿಂದ ಮಾರಿ. ಬಾಯಿ ಆಡಿಸಾಕ ಏನು ಧಾಡಿ?”

“ಅವನು ಹೇಳಿದ್ದರಾಗ ತಪ್ಪು ಏನೈತಿ ಹೇಳು?” ಎಂದು ಮಾಸ್ತರು ನನ್ನನ್ನೇ ಕೇಳಿದರು. “ಬಿಡ್ತೀನಿ ಅಂದ್ರ ಮನಿ ಬಿಡಬೇಕು. ಮನಿ ಹೋಗ್ಲಿ, ನನಗ ಬ್ಯಾರೆ ಏನ್ ಬರ್ತದ? ನಿನ್ನ ಕಾಗದ ನಿಮ್ಮ ಆಫೀಸಿನ ಕಪಾಟಿನ್ಯಾಗ ಅದಾವಲ್ಲ, ನನ್ನ ದನಿ ಹಂಗ ಆ ಸಿ.ಡಿ.ಯೊಳಗ ಐತಿ. ನಿನ್ನ ಕಾಗದಾ ಆದ್ರ ಒಂದಿನ ಬಿಡ್ತಾರ.”

ಅವರು ಬಾಯಿ ಆಡಿಸುವಾಗಲೂ ಸುಮ್ಮನೆ ಆಡಿಸುತ್ತಿರಲಿಲ್ಲ. ಸಿ.ಡಿ.ಯ ಹಳೆಯ ಮಾಸ್ತರು ಎಲ್ಲೆಲ್ಲಿ ಉಸಿರು ಕದ್ದಿದ್ದರೋ ಅಲ್ಲಲ್ಲೇ ಎದೆ ತುಂಬ ಉಸಿರೆಳೆಯುತ್ತಿದ್ದರು. ಕತ್ತಿನ ನರ ಉಬ್ಬುತ್ತಿತ್ತು. ಹಾಡದೆಯೇ ಬೆವರಿ ಸುಸ್ತಾಗಿ ಇಳಿದು ಬರುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. ದನಿ ಇಲ್ಲದ ಸಿ.ಡಿ. ಅವರ ಟ್ರಂಕಿನಲ್ಲಿತ್ತು. ತರಿಸಿಕೊಂಡೆ. ಕಂಪ್ಯೂಟರಿಗೆ ಹಾಕಿ ಒಂದು ಹಾಡನ್ನು ನಾಲ್ಕು ಮನೆ ಕೆಳಗಿಳಿಸಿದೆ. ಲಯ ಹಾಗೇ ಇಟ್ಟು ಶ್ರುತಿ ಮಾತ್ರ ಇಳಿಸುವುದು ನಮ್ಮಂಥವರಿಗೆ ಐದು ನಿಮಿಷದ ಕೆಲಸ. ಅಷ್ಟು ವರ್ಷ ಅವರನ್ನು ಕಟ್ಟಿಹಾಕಿದ್ದು ಐದು ನಿಮಿಷದ ಗಂಟು ಎಂದು ತಿಳಿದಾಗ ನನಗೇ ಕಸಿವಿಸಿಯಾಯಿತು.

ಆ ಶನಿವಾರ ಫ್ಲಾಟಿನಲ್ಲಿ ನಾವಿಬ್ಬರೇ. ಹಾಡು ಶುರುವಾಯಿತು. ಇಳಿದ ಶ್ರುತಿಯಲ್ಲಿ ಕೊಳಲಿಗೆ ನೆಗಡಿಯಾದಂತಿತ್ತು, ಪಿಟೀಲುಗಳ ದನಿ ದಪ್ಪಗಾಗಿತ್ತು. ಕೆಟ್ಟುಹೋಯಿತು ಅಂದುಕೊಂಡೆ. ಮಾಸ್ತರು ಕಣ್ಣು ಮುಚ್ಚಿ ಕೇಳುತ್ತ ಒಂದೊಂದು ವಾದ್ಯ ಬಂದಾಗಲೂ ಅದರವನ ಹೆಸರು ಹೇಳಿ ಬೆರಳು ಮಡಚುತ್ತಿದ್ದರು. ಕೊನೆಗೆ ಕಣ್ಣು ಬಿಟ್ಟು, “ಎಲ್ಲಾರೂ ಮುದುಕ್ರಾಗ್ಯಾರ ತಂಗಿ. ನನ್ನ ಜೊತಿನ ಆಗ್ಯಾರ” ಎಂದರು.

ಆಮೇಲೆ ಹಾಡಿದರು. ನಾಟಕದ ಹಾಡು, ಬೀಳ್ಕೊಡುವ ಸನ್ನಿವೇಶದ್ದು. ಮೇಲಕ್ಕೆ ಹಾರುವಂಥದ್ದೇನೂ ಇರಲಿಲ್ಲ. ಒಬ್ಬ ವಯಸ್ಸಾದ ಮನುಷ್ಯ ಬಾಗಿಲ ತನಕ ಬಂದು ಬೀಳ್ಕೊಡುತ್ತಿದ್ದಾನೆ ಎನಿಸಿತು, ಅಷ್ಟೆ. ಅಂಥ ಹಾಡನ್ನು ನಾನು ಆಮೇಲೆ ಎಲ್ಲೂ ಕೇಳಿಲ್ಲ. ಅವರಿಗೆ ಹೇಳದೆ ಅದನ್ನು ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಹಾಡು ಮುಗಿಸಿ ಅವರು ನನ್ನ ಮುಖ ನೋಡಿದರು. ನಾನು ವನ್ಸ್ ಮೋರ್ ಅನ್ನಬೇಕಿತ್ತು, ಅನ್ನಲಿಲ್ಲ. ಅವರು ಒಂದು ಗಳಿಗೆ ಕಾದು, ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು.

ನವೆಂಬರಿನಲ್ಲಿ ನಮ್ಮ ಆಫೀಸಿನ ಕನ್ನಡದವರೆಲ್ಲ ಸೇರಿ ರಾಜ್ಯೋತ್ಸವ ಮಾಡುವುದೆಂದಾಯಿತು. ಮಾಸ್ತರ ಪಾರ್ಟಿಯನ್ನೇ ಕರೆಸಿದೆ. ಸಿ.ಡಿ. ಹಾಕುವ ಸೌಂಡಿನ ಮೇಜು ನಾನೇ ನೋಡಿಕೊಳ್ಳುತ್ತೇನೆಂದೆ. ನನ್ನ ಲೆಕ್ಕಾಚಾರ ಬೇರೆ ಇತ್ತು, ಇಳಿಸಿದ ಸಿ.ಡಿ. ಹಾಕುವುದು, ಮಾಸ್ತರು ತಮ್ಮ ದನಿಯಲ್ಲಿ ನಾಲ್ಕು ಜನರೆದುರು ಹಾಡುವುದು. ಅವರಿಗೆ ಹೇಳಿದಾಗ “ಜನಾ ನಕ್ಕರ?” ಎಂದರು. ಮಾಸ್ತರು ಹೋಗಿ ಹೀರೋನನ್ನು ಕೇಳಿದರೆ, ಬಾಯಿತುಂಬ ಪಾನು, ಬಿಳಿ ಮೀಸೆ, ಈಗಲೂ ಲಕ್ಷಣವಂತ, “ಒಂದು ಹಾಡು ಹಾಡ್ಕೋ ಮಾರಾಯಾ. ಜನಾ ಎದ್ದು ಹೊಂಟ್ರ ನನ್ನ ಕೇಳಬ್ಯಾಡ” ಎಂದನಂತೆ. ಹಾಗಾಗಿ ಹಳೆಯ ಸಿ.ಡಿ.ಯೂ ಮೇಜಿನ ಮೇಲಿತ್ತು.

ಹಾಲ್‌ನ ಮಗ್ಗುಲಲ್ಲೇ ಹತ್ತು ಮಹಡಿಯದೊಂದು ಕಟ್ಟಡ ಏಳುತ್ತಿತ್ತು. ಅಲ್ಲಿ ದುಡಿಯುತ್ತಿದ್ದವರು ಕಲಬುರಗಿ, ಯಾದಗಿರಿ ಕಡೆಯವರು. ಮೈಕಿನಲ್ಲಿ ಕನ್ನಡ ಕೇಳಿಸಿದ್ದೇ ಕೆಲಸದ ಬಟ್ಟೆಯಲ್ಲೇ ಬಂದು ಹಿಂದಿನ ಗೋಡೆಗೆ ಒರಗಿ ನಿಂತರು. ನಮ್ಮವರು ಕುರ್ಚಿಯಲ್ಲಿ, ಅವರು ಗೋಡೆಗೆ.

ಮಾಸ್ತರು ಆ ದಿನ ಮಿಂಚುವ ಕೋಟು ಹಾಕಿರಲಿಲ್ಲ. ಬಿಳಿ ಜುಬ್ಬಾ. ನಾನು ಇಳಿಸಿದ ಸಿ.ಡಿ. ಹಾಕಿದೆ. ಮೊದಲ ಸಾಲಿನಲ್ಲಿ ದನಿ ಸ್ವಲ್ಪ ಕಂಪಿಸಿತು, ಎರಡನೆಯದರಲ್ಲಿ ನಿಂತಿತು. ಯಾರೂ ನಗಲಿಲ್ಲ, ಎದ್ದು ಹೋಗಲಿಲ್ಲ. ಹಾಡು ಮುಗಿದಾಗ ನಮ್ಮವರು ಮರ್ಯಾದೆಗೆ ತಟ್ಟುವಷ್ಟು ಚಪ್ಪಾಳೆ ತಟ್ಟಿದರು. ಗೆದ್ದೆವು ಎಂದು ನಾನು ಉಸಿರು ಬಿಟ್ಟೆ.

ಆಗ ಹಿಂದಿನಿಂದ ಒಬ್ಬ ಮುದುಕ, ಹಳದಿ ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡಿದ್ದವನು, ಪುಟ್ಟ ಹುಡುಗಿಯೊಬ್ಬಳ ಕೈ ಹಿಡಿದು ಎರಡು ಹೆಜ್ಜೆ ಮುಂದೆ ಬಂದ. “ಮಾಸ್ತರ, ವನ್ಸ್ ಮೋರ್ ರಿ” ಎಂದ. ನನಗೆ ಅವನನ್ನು ಅಪ್ಪಿಕೊಳ್ಳುವಷ್ಟು ಖುಷಿಯಾಯಿತು. ಆದರೆ ಅವನು ಮಾತು ಮುಗಿಸಿರಲಿಲ್ಲ. “ಸೇಡಮ್ಮಿನ್ಯಾಗ ಗಣಪತಿ ಮುಂದ ಹಾಡಿದ್ರಿ ನೋಡ್ರಿ, ಹಂಗ ಮ್ಯಾಲ ಹೋಗ್ರಿ. ನನ್ನ ಮೊಮ್ಮಗಳಿಗೆ ಹೇಳೀನಿ, ಮಾಸ್ತರ ದನಿ ಮುಗಲಿಗಿ ಹೋಗ್ತದ ಅಂತ. ಕೇಳಸ್ರಿ ಒಂದಿಷ್ಟು.”

ಅವನು ಪ್ರೀತಿಯಿಂದಲೇ ಕೇಳಿದ. ಎಷ್ಟೋ ವರ್ಷ ಎದೆಯಲ್ಲಿಟ್ಟುಕೊಂಡು ಬಂದದ್ದನ್ನು ಕೇಳಿದ. ಗೋಡೆಗೆ ಒರಗಿದ್ದವರೆಲ್ಲ ವನ್ಸ್ ಮೋರ್, ವನ್ಸ್ ಮೋರ್ ಎಂದರು. ಕುರ್ಚಿಯವರೂ ದನಿಗೂಡಿಸಿದರು. ಮಾಸ್ತರು ನನ್ನ ಕಡೆ ತಿರುಗಿ, ಎಡಗೈ ಎತ್ತಿ, ನಾಲ್ಕು ಬೆರಳು ತೋರಿಸಿದರು.

ನಾನು ತಲೆಯಾಡಿಸಿ ಬೇಡ ಎಂದೆ. ಅವರು ಕೈ ಇಳಿಸಲಿಲ್ಲ. ಬಿಳಿ ನಾಕು. ನಾನು ಹಳೆಯ ಸಿ.ಡಿ. ಹಾಕಿದೆ. ಬೇರೆ ಯಾರೂ ಹಾಕಲಿಲ್ಲ, ನಾನೇ ಹಾಕಿದೆ.

ಹಾಲ್ ಎದ್ದು ನಿಂತಿತು. ಮುದುಕ ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅಳುತ್ತಿದ್ದ. ವೇದಿಕೆಯ ಮೇಲೆ ಮಾಸ್ತರು ಎದೆ ತುಂಬ ಉಸಿರೆಳೆದು, ಕತ್ತಿನ ನರ ಉಬ್ಬಿಸಿ, ಒಂದು ಅಕ್ಷರವೂ ತಪ್ಪದಂತೆ ಬಾಯಿ ಆಡಿಸಿದರು. ಮೂರು ವನ್ಸ್ ಮೋರ್ ಬಿತ್ತು. ಮೂರು ಸಲವೂ ಎದೆಯ ಮೇಲೆ ಕೈಯಿಟ್ಟು ಬಾಗಿದರು, ಹೀರೋ ಬಾಗುತ್ತಿದ್ದ ಹಾಗೆ.

ಕೆಳಗಿಳಿದು ಬಂದು ನೀರು ಕುಡಿದು, “ನೋಡಿದ್ಯಾ? ಅವರಿಗೆ ಈಗಿನ ನಾ ಬ್ಯಾಡ, ಆ ಮೊದಲಿನಂವ ಬೇಕು” ಎಂದರು. ಸಿಟ್ಟೇನೂ ಇರಲಿಲ್ಲ. “ಇನ್ನ ಆ ಇಳಿಸೋದು ಗಿಳಿಸೋದು ಬ್ಯಾಡ ತಂಗಿ. ವನ್ಸ್ ಮೋರ್ ಬಿದ್ದ ದನಿನೇ ನಿಜವಾದ ದನಿ.”

ಇಳಿಸಿದ ಸಿ.ಡಿ.ಯನ್ನು ಅವರು ಮತ್ತೆ ಮುಟ್ಟಲಿಲ್ಲ. ನನಗೆ ಮಾತ್ರ ಶನಿವಾರಗಳಲ್ಲಿ ಮೊದಲಿನ ಹಾಗೇ ಕಲಿಸಿದರು, ತಾವು ಹಾಡುವುದನ್ನು ಬಿಟ್ಟರು. ಪೇಟಿಯ ಮನೆ ಒತ್ತಿ ತೋರಿಸುತ್ತಿದ್ದರು, ಅಷ್ಟೆ. ಅವಧಿ ಮುಗಿದು ನನ್ನ ಪ್ರಮಾಣಪತ್ರಗಳು ಕೈಗೆ ಬಂದ ದಿನ ಅವುಗಳನ್ನು ಅವರಿಗೆ ತೋರಿಸಿದೆ. ಒಂದೊಂದೇ ಹಾಳೆ ತಿರುವಿ ನೋಡಿ, “ಮಸ್ತ್ ಆತು. ಇನ್ನ ಇಲ್ಲಿ ನಿಂದರಬ್ಯಾಡ, ಹೋಗು” ಎಂದರು.

ಈಗ ಹೋದಾಗ ಆ ಮೆಟ್ಟಿಲ ಬೋರ್ಡು ಇನ್ನೂ ಇತ್ತು. ಮೇಲಿನ ಕೋಣೆಯಲ್ಲಿ ಫೋಟೋಕ್ಕೆ ಹೂವಿನ ಹಾರ, ಪಕ್ಕದಲ್ಲಿ ಸಿ.ಡಿ. ಪ್ಲೇಯರ್. ಅದರಲ್ಲಿ ಬಿಳಿ ನಾಕು ಮೊಳಗುತ್ತಿತ್ತು. ಮುದುಕನಾದ ಹೀರೋ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ ಕೇಳುತ್ತಿದ್ದ. ಅವನ ತುಟಿಗಳು ಹಾಡಿನ ಜೊತೆ ಆಡುತ್ತಿದ್ದವು. ಮಾಸ್ತರ ಹೆಂಡತಿ ಒಳಗೆ ಪಾತ್ರೆ ತೊಳೆಯುತ್ತಿದ್ದರು. ನನ್ನನ್ನು ಕಂಡು, “ಬಾ ತಂಗಿ, ಕೂಡು” ಎಂದು ಮತ್ತೆ ಕೆಲಸಕ್ಕೆ ತಿರುಗಿದರು. ಆ ಹಾಡಿಗೂ ಅವರಿಗೂ ಸಂಬಂಧವೇ ಇಲ್ಲದಂತಿದ್ದರು.

ಸಿ.ಡಿ. ಮುಗಿಯುವ ತನಕ ಕಾದೆ. ಆಮೇಲೆ ಲ್ಯಾಪ್‌ಟಾಪ್ ತೆಗೆದು ಆ ಶನಿವಾರದ ಹಾಡು ಹಾಕಿದೆ. ನೆಗಡಿಯಾದ ಕೊಳಲು, ದಪ್ಪನೆಯ ಪಿಟೀಲು, ಆಮೇಲೆ ಕರಿ ಒಂದರಲ್ಲಿ ಮಾಸ್ತರು.

ಒಳಗೆ ಪಾತ್ರೆಯ ಸದ್ದು ನಿಂತಿತು. ಆಕೆ ಒದ್ದೆ ಕೈಯಲ್ಲೇ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು. ಹೀರೋನ ತುಟಿಗಳು ಆಡಲಿಲ್ಲ. ಈ ದನಿಗೆ ಎಲ್ಲಿ ಉಸಿರು ಎಂದು ಅವನಿಗೆ ಗೊತ್ತಿರಲಿಲ್ಲ.

ಹಾಡು ಮುಗಿಯಿತು. ಕೊನೆಗೆ ಫ್ಲಾಸ್ಕಿನ ಮುಚ್ಚಳ ತಿರುಗಿಸಿದ ಸದ್ದೂ ಅದರಲ್ಲಿ ಉಳಿದಿತ್ತು. ಆಕೆ ಸೆರಗಿನಿಂದ ಕೈ ಒರೆಸಿಕೊಂಡು, ಲ್ಯಾಪ್‌ಟಾಪಿನ ಎದುರಿಗೆ ನೆಲದ ಮೇಲೆ ಕೂತರು.

“ಮುಂಜಾನೆದ್ದು ಚಾ ಕೇಳೋ ದನಿ ಇದು” ಎಂದರು. “ಇನ್ನೊಮ್ಮಿ ಹಾಕು ತಂಗಿ.”